ಅಂಕಿ ನಿಲ್ಲುವವರೆಗೆ

ರಾತ್ರಿ ಎರಡೂವರೆಗೆ ಅವಳ ಬೆನ್ನು ಮುಟ್ಟಿದೆ.
ಅಂಗಿ ಒದ್ದೆ. ಫ್ಯಾನು ತಿರುಗುತ್ತಲೇ ಇದೆ.
ಕತ್ತಿನ ಹಿಂದೆ, ಕಿವಿಯ ಸಂದಿಯಲ್ಲಿ ತಣ್ಣನೆ ಬೆವರು.
ಜ್ವರಕ್ಕಾದರೆ ಬಿಸಿಯೆಂಬ ಮರ್ಯಾದೆ ಇರುತ್ತದೆ.

ಮೋಕ್ಷಿತಾ, ಏಳವ್ವ.
ಏಳಲಿಲ್ಲ. ಅಲುಗಿಸಿದೆ.
ಕಣ್ಣು ಬಿಟ್ಟಳು; ಆ ಕಣ್ಣಲ್ಲಿ ನಾನಿರಲಿಲ್ಲ.

ಬೆರಳ ಬದಿಗೆ ಚುಚ್ಚಿ, ಮೆಲ್ಲಗೆ ಹಿಂಡಿ,
ಒಂದು ಸಾಸಿವೆಯಷ್ಟು ರಕ್ತ.
ಮಿಷನ್ನು ಐದು ಎಣಿಸಿತು.
ಐವತ್ತೊಂದು.

ಸಂಜೆ ಖೋಖೋ ಆಡಿದ್ದಳು, ಲಂಗದ ತುಂಬ ಕೆಮ್ಮಣ್ಣು.
ರಾತ್ರಿ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟಿದ್ದಳು.
ಇಡೀ ಮುದ್ದೆಗೆ ಸೂಜಿ ಹಾಕಿದವನು ನಾನು.

ಮಂಚದ ಕೆಳಗಿನ ಡಬ್ಬಿ, ಗ್ಲೂಕೋಸ್ ಪುಡಿ,
ಮೂರು ಚಮಚ, ಅರ್ಧ ಲೋಟ ನೀರು.
ಚಮಚದ ಸದ್ದಿಗೆ ಅವ್ವ ಎದ್ದು ಕೂತಳು:
"ಸಕ್ರೆ ಕಾಯ್ಲೆ ಮಗೀಗೆ ಸಕ್ರೆ ಕುಡುಸ್ತಿಯೇನ್ಲಾ?
ಬುದ್ಧಿ ನೆಟ್ಟಗೈತಾ?"
ಎರಡು ವರ್ಷದಿಂದ ಬೆಲ್ಲದ ಡಬ್ಬಿಯನ್ನು
ಅಟ್ಟದ ಮೇಲೆ, ರಾಗಿ ಚೀಲದ ಹಿಂದೆ,
ಕದ್ದ ಒಡವೆಯ ಹಾಗೆ ಬಚ್ಚಿಟ್ಟವಳು ಚಿಕ್ಕತಾಯಮ್ಮ.
ಸುಮ್ಕಿರವ್ವ. ಈಗ ಇದೇ ಔಷ್ದಿ.

ಕುಡಿ ಮಗ.
ಲೋಟ ತಳ್ಳಿದಳು, ಅರ್ಧ ನನ್ನ ಪಂಚೆಯ ಮೇಲೆ.
"ನೀನು ನಮ್ಮಪ್ಪ ಅಲ್ಲ. ಹೋಗು."

ಮೈಸೂರಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು:
ಇಳಿದಾಗ ಮಕ್ಕಳು ಬಯ್ಯುತ್ತಾರೆ, ಕಚ್ಚುತ್ತಾರೆ,
ಮನಸ್ಸಿಗೆ ಹಚ್ಚಿಕೊಳ್ಳಬೇಡಿ.
ಎಚ್ಚರ ತಪ್ಪಿದ್ದರೆ ಬಾಯಿಗೆ ಒಂದು ಹನಿಯೂ ಬೇಡ,
ಪಕ್ಕಕ್ಕೆ ಮಲಗಿಸಿ, ಫ್ರಿಜ್ಜಿನ ಕೆಂಪು ಡಬ್ಬಿಯ ಸೂಜಿ ಕೊಡಿ,
ಆಸ್ಪತ್ರೆಗೆ ಓಡಿ.
ಬಯ್ಯುತ್ತಿದ್ದಾಳೆ. ಹಾಗಾದರೆ ನುಂಗಬಲ್ಲಳು.
ಮತ್ತೆ ಕಲಸಿದೆ. ಕೂರಿಸಿ, ಎದೆಗೆ ಒರಗಿಸಿ,
ಗುಟುಕು ಗುಟುಕಾಗಿ ಇಳಿಸಿದೆ.

ಇನ್ನು ಹದಿನೈದು ನಿಮಿಷ.

ನಾನು ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತ.
ಕಬ್ಬಿನ ಗಾಡಿ ಹತ್ತಿದೊಡನೆ ಅಂಕಿ ಕುಣಿಯುತ್ತದೆ,
ಎತ್ತು ಕಾಲು ಬದಲಿಸಿದರೂ ಹತ್ತು ಕೇಜಿ ಆಚೀಚೆ.
"ಬರ್ಕಳಿ ಸಾ, ಹೊತ್ತಾಯ್ತು" ಅನ್ನುತ್ತಾರೆ.
ಅಂಕಿ ನಿಲ್ಲಲಿ ಇರಿ ಗೌಡ್ರೇ, ಅನ್ನುತ್ತೇನೆ,
ಹನ್ನೊಂದು ವರ್ಷದಿಂದ, ದಿನಕ್ಕೆ ನೂರು ಸಲ,
ಟನ್ನುಗಟ್ಟಲೆ ಕಬ್ಬಿನ ಎದುರು.
ಮೂರು ಚಮಚದ ಎದುರು ಆ ಮಾತು ಬಾಯಿಗೆ ಬರುತ್ತಿಲ್ಲ.

ಇನ್ನೊಂದು ಚಮಚ ಹಾಕಲೇ? ಕೈ ತುರಿಸುತ್ತದೆ.
ಹಾಕಿದರೆ ಬೆಳಗ್ಗೆ ಮುನ್ನೂರು,
ಅದನ್ನು ಇಳಿಸಲು ಮತ್ತೆ ಸೂಜಿ.
ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಗುತ್ತಲು ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರು ಹೋಯಿತು.
ಕಿಟಕಿಯಲ್ಲಿ ಕಾಕಂಬಿಯ ವಾಸನೆ.
ಊರಿಗೆ ಊರೇ ಸಿಹಿ ಉಸಿರಾಡುತ್ತದೆ,
ಇವಳ ಬೆರಳ ತುದಿಗೆ ಮಾತ್ರ ಇನ್ನೂ ತಲುಪಿಲ್ಲ.
ಅವ್ವ ಪಾದ ಉಜ್ಜುತ್ತ
ನಿಮಿಷಕ್ಕೊಂದು ಸಲ ಕೇಳುತ್ತಾಳೆ: ಎಷ್ಟಾಯ್ತು? ಎಷ್ಟಾಯ್ತು?

ಹನ್ನೆರಡನೆಯ ನಿಮಿಷಕ್ಕೆ
"ಅಪ್ಪ, ಲೈಟ್ ಯಾಕೆ ಹಾಕಿದೀಯ?"

ಇನ್ನೂ ಮೂರು ನಿಮಿಷ ಕಾದೆ.
ಬೇರೆ ಬೆರಳು. ಎಂಬತ್ತಾರು.
ಬೆಳಗಾಗುವುದಕ್ಕೆ ದೂರವಿದೆ ಎಂದು ಎರಡು ಬಿಸ್ಕತ್ತು ತಿನ್ನಿಸಿದೆ;
ಎರಡನೆಯದನ್ನು ಬಾಯಲ್ಲಿಟ್ಟುಕೊಂಡೇ ತೂಗಡಿಸಿದಳು,
"ನುಂಗು, ನುಂಗು" ಎಂದು ಗದರಬೇಕಾಯಿತು.

ಪುಸ್ತಕ ತೆಗೆದು ಬರೆದೆ: ೨.೩೫, ಐವತ್ತೊಂದು.
೨.೫೫, ಎಂಬತ್ತಾರು.
ಕಾರಣ: ಆಟ, ಅರ್ಧ ಮುದ್ದೆ, ಅಪ್ಪ.
"ನೀನು ನಮ್ಮಪ್ಪ ಅಲ್ಲ" ಅಂದಿದ್ದು
ಬೆಳಗ್ಗೆ ಅವಳಿಗೆ ನೆನಪಿರುವುದಿಲ್ಲ.
ಅದನ್ನು ಬರೆಯಲಿಲ್ಲ.

ಅಡುಗೆಮನೆಯಲ್ಲಿ ಏಣಿ ಎಳೆದ ಸದ್ದು.
ಎಪ್ಪತ್ತರ ಅವ್ವ ಅಟ್ಟದಿಂದ ಇಳಿದು ಬಂದಳು,
ತಲೆಯಲ್ಲಿ ಜೇಡರ ಬಲೆ, ಕಂಕುಳಲ್ಲಿ ಡಬ್ಬಿ.
ಮೊಮ್ಮಗಳ ತಲೆದೆಸೆಗೆ ಇಟ್ಟಳು.
ಬೆಲ್ಲಕ್ಕಿಂತ ಗ್ಲೂಕೋಸು ಬೇಗ ಕಣವ್ವ, ಅಂದೆ.
"ಇರ್ಲಿ."
ಇರುವೆ ಬರ್ತವೆ, ಅಂದೆ.
"ಬರ್ಲಿ ಬುಡು."