ರೊಟ್ಟಿ ಹಿಡಿದು ದೀಪ ಕೊಂಡದ್ದು

ಚೀಟಿ ಎತ್ತಿದ ಇಪ್ಪತ್ತೆರಡು ಸಾವಿರದಲ್ಲಿ
ಕಟ್ಟೆಗೆ ಕರಿಕಲ್ಲು ಬಂತು, ಸಿಂಕು ಬಂತು,
ಗೋಡೆಗೆ ಎರಡಡಿ ಟೈಲ್ಸು (ಮೂರಡಿ ಅಂದುಕೊಂಡಿದ್ದೆ),
ಬಣ್ಣದ ಹಸಿ ವಾಸನೆ ಇನ್ನೂ ಹೋಗಿಲ್ಲ.
ಉಳಿದದ್ದು ಸಾವಿರದ ಎಂಟುನೂರ ನಲವತ್ತು.
ಅಷ್ಟರಲ್ಲಿ ಸೂರಿಗೊಂದು ಬೆಳಕು ಆಗಬೇಕು.

ಇದ್ದದ್ದು ಟ್ಯೂಬ್‌ಲೈಟು.
ಸ್ವಿಚ್ಚು ಒತ್ತಿದರೆ ಮೂರು ಸಲ ಕಣ್ಣು ಹೊಡೆದು
ಹತ್ತಲೋ ಬೇಡವೋ ಅಂತ ಯೋಚಿಸಿ ಹತ್ತುವಂಥದ್ದು.
ಎರಡೂ ತುದಿ ಕಪ್ಪು, ಮೈತುಂಬ ಒಗ್ಗರಣೆಯ ಜಿಡ್ಡು,
ಜಿಡ್ಡಿಗೆ ಅಂಟಿದ ಯಾವ ದೀಪಾವಳಿಯದೋ ಒಂದು ಹುಳ.

ಮಂಡಿಪೇಟೆಯ ಅಂಗಡಿಯಲ್ಲಿ
ಹಗಲು ಹನ್ನೊಂದಕ್ಕೇ ನೂರು ದೀಪ ಹಚ್ಚಿ ಕೂತಿದ್ದಾರೆ,
ಬಿಲ್ಲು ಯಾರು ಕಟ್ಟುತ್ತಾರೋ.
ಮೀಸೆ ಈಗಷ್ಟೇ ಮೂಡಿದ ಹುಡುಗ ಕೇಳಿದ:
"ಮೂರು ಸಾವಿರ, ನಾಲ್ಕು ಸಾವಿರ, ಆರೂವರೆ ಸಾವಿರ,
ಯಾವುದು ತೋರಿಸಲಕ್ಕಾ?"
ಚೀಲ ಎದೆಗೊತ್ತಿಕೊಂಡು ಮೆಟ್ಟಿಲ ಕಡೆ ತಿರುಗಿದೆ.
"ರೇಟಲ್ಲಕ್ಕಾ ಅದು, ಬಣ್ಣದ ನಂಬರು.
ಇಳಿದಷ್ಟೂ ಹಳದಿ, ಏರಿದಷ್ಟೂ ಬಿಳಿ."
ಬೆಳಕಿಗೂ ಜ್ವರದ ಹಾಗೆ ಡಿಗ್ರಿ ಇರುತ್ತದೆಂದು
ಐವತ್ತರ ಹತ್ತಿರ ಬಂದು ತಿಳಿಯಿತು.

ಮೇಲೊಂದು ಝೂಮರು ತೂಗುತ್ತಿತ್ತು, ಗಾಜಿನ ಗೊಂಚಲು.
ಒಂದೊಂದೇ ಮಣಿ ಒರೆಸುವ ಕೈ ಯಾರದೆಂದು
ಮಾಡಿದವನು ಕೇಳಿಕೊಂಡಂತಿಲ್ಲ.
ಫಾಲ್ಸ್ ಸೀಲಿಂಗ್ ಮಾಡಿಸಿ ಆರು ಗುಂಡುದೀಪ ಕೂಡಿಸಿ ಅಂದ.
ಸ್ಟೂಲು ಹತ್ತಿದರೆ ತಲೆ ತಾಗುವ ಸೂರು ನಮ್ಮದು,
ಅದರ ಕೆಳಗೊಂದು ಸುಳ್ಳು ಸೂರೇ?

ಚೀಲದಿಂದ ರೊಟ್ಟಿ ತೆಗೆದೆ.
ಹೌದು, ಜೋಳದ ರೊಟ್ಟಿ. ಬೆಂದದ್ದೊಂದು,
ಬೇಕೆಂದೇ ಅರೆಬೇಯಿಸಿ ತಂದದ್ದೊಂದು.
ದಿನಕ್ಕೆ ನೂರಿಪ್ಪತ್ತು ಬಡಿದು ಮೆಸ್ಸುಗಳಿಗೆ ಕೊಡುವವಳು ನಾನು,
ಒಂದು ಹಸಿ ಹೋದರೆ ನಾಳೆಗೆ ಹತ್ತು ಕಮ್ಮಿ ಹೇಳುತ್ತಾರೆ.

ಆರೂವರೆ ಸಾವಿರದ ಕೆಳಗೆ ಹಿಡಿದೆ.
ಬೆಂದದ್ದೂ ಆಸ್ಪತ್ರೆಯಿಂದ ಎದ್ದುಬಂದ ಮುಖದ ಹಾಗೆ.
ಮೂರು ಸಾವಿರದ ಕೆಳಗೆ ಹಿಡಿದೆ.
ಏನು ಚೆಲುವು! ಹಸಿಯೂ ಬೆಂದ ಹಾಗೆ, ಬಂಗಾರದ ಹಾಗೆ.
ಹೊಗಳುಭಟ್ಟರನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಬಾರದು.
ನಾಲ್ಕು ಸಾವಿರದ ಕೆಳಗೆ
ಬೆಂದದ್ದು ಬೆಂದಿತ್ತು,
ಅಂಚಿನಲ್ಲಿ ಹಸಿಯಿದ್ದದ್ದು ಹಸಿಯೇ ಇತ್ತು.
"ಇದು ಕೊಡು" ಅಂದೆ.
ಹುಡುಗ ಬೆಂದ ರೊಟ್ಟಿ ಮುರಿದು ತಿಂದು
ಮೂವತ್ತು ರೂಪಾಯಿ ಬಿಟ್ಟ.

ಸಂಜೆ ಚಮನ್‌ಸಾಬರು ಏಣಿ ತಂದರು.
ಹತ್ತಲಿಲ್ಲ. ನನ್ನನ್ನು ಕಟ್ಟೆಯ ಮುಂದೆ ನಿಲ್ಲಿಸಿ
"ಬಡೀರಿ ನೋಡೋಣ" ಅಂದರು.
ಹಿಟ್ಟಿಲ್ಲದೆ, ಬರಿಗೈಯಲ್ಲಿ ಕಲ್ಲಿನ ಮೇಲೆ ಬಡಿದೆ, ನಾಚಿಕೆಯಾಗಿ.
"ದೀಪ ನಿಮ್ಮ ಬೆನ್ನಿಗೈತ್ರಿ ಅಕ್ಕಾರ.
ಬೆಳಕು ಬೆನ್ನಿಗೆ, ನೆರಳು ಕೈಗೆ.
ಇಷ್ಟು ವರ್ಷ ನಿಮ್ಮ ನೆರಳಾಗೇ ರೊಟ್ಟಿ ಮಾಡೀರಿ."

ಹತ್ತೊಂಬತ್ತು ವರ್ಷ.
ಕಣ್ಣು ಮಂಜಾಯಿತೆಂದು ಎರಡು ಸಲ ಕನ್ನಡಕ ಬದಲಿಸಿದ್ದೆ.
ಹಿಟ್ಟು ಸರಿಯಿಲ್ಲ ಅಂತ ಗಿರಣಿ ಬದಲಿಸಿದ್ದೆ.

ಎರಡಡಿ ಮುಂದಕ್ಕೆ ಸರಿಸಲು ಇನ್ನೂರು ಹೆಚ್ಚು.
"ಗೋಡೆ ಒಡೆಯದಾದರೆ ವೈರಿನ ಪಟ್ಟಿ ಹೊರಗೆ ಕಾಣತೈತಿ, ಚಂದ ಅಲ್ಲ."
ಕಾಣಲಿ ಅಂದೆ.

ಈಗ ಹತ್ತಿದೆ, ಒಂದೇ ಸಲಕ್ಕೆ, ಕೇಳಿದ ಕೂಡಲೇ.
ನೆರಳು ಹಿಂದೆ ಸರಿದು ಫ್ರಿಜ್ಜಿಗೆ ಒರಗಿ ನಿಂತಿದೆ,
ಕೆಲಸ ಬಿಟ್ಟ ಆಳಿನಂತೆ.
ಕಟ್ಟೆಯ ಮೇಲೆ ನನ್ನವೇ ಎರಡು ಕೈ.
ಮಣಿಕಟ್ಟಿನ ಸುಟ್ಟ ಗೆರೆಗಳನ್ನು ಎಣಿಸಬಹುದು,
ಎಣಿಸಲಿಲ್ಲ.
ಮೇಲೆ ಹಳೆಯ ಟ್ಯೂಬಿನ ಜಾಗದಲ್ಲಿ ಉದ್ದಕ್ಕೆ ಒಂದು ಬಿಳಿ ಗುರುತು.
ಗೋಡೆಯ ಎರಡನೇ ಸಾಲಿನಲ್ಲಿ, ಮೂಲೆಗೆ,
ಒಂದು ಟೈಲು ಸೊಟ್ಟ ಕೂತಿದೆ.
ನಾಳೆ ಬೆಳಿಗ್ಗೆಯೇ ಆ ಉಜ್ಜಿನಪ್ಪನಿಗೆ
ಫೋನು ಹಚ್ಚಬೇಕು.