ನಾಲ್ಕನೆಯ ಮನೆ

ಅಕ್ಕಲಕೋಟೆಯಿಂದ ಜೀಪು ಹೊರಟಾಗ ಬೆಳಗಿನ ಏಳು.
ತೊಡೆಯ ಮೇಲೆ ಐಸು ತುಂಬಿದ ಡಬ್ಬಿ,
ಒಳಗೆ ಹನ್ನೆರಡು ಖಾಲಿ ಶೀಶೆ.
ಮುಂದಿನ ಸೀಟಿನಲ್ಲಿ ಲೋಖಂಡೆ ಸರ್
ಶೇಂಗಾ ಸುಲಿಯುತ್ತ ಹೇಳಿದರು:
ಮೊದಲು ಎಣಿಸು. ಅಳುವುದು ಆಮೇಲೆ,
ಅದೂ ಸೊಲ್ಲಾಪುರಕ್ಕೆ ಹೋಗಿ.

ಫಾರಂ ಮರಾಠಿಯದು. ಬೊಮ್ಮನವಾಡಿಯ ಹೊಟ್ಟೆ ಕನ್ನಡದ್ದು.
ನಾನು ಚಾಮರಾಜನಗರದವಳು,
ಭೇದಿ ಎಂದೆ, ಅತಿಸಾರ ಎಂದೆ,
ಯಾರೂ ತಲೆ ಎತ್ತಲಿಲ್ಲ.
"ಜುಲಾಬ ಹತ್ಯಾವೇನ್ರೀ?" ಎಂದಳು ಆಶಾ ಮಹಾನಂದಾ.
ಓಣಿಗೆ ಓಣಿಯೇ ಬಾಯಿ ಬಿಟ್ಟಿತು.

ರೋಗಿ ಎಂದರೆ ಯಾರು ಎಂಬುದಕ್ಕೆ
ರಾತ್ರಿಯೇ ಒಂದು ವಾಕ್ಯ ಬರೆದಿಟ್ಟಿದ್ದೆವು:
ಈ ಊರಲ್ಲಿದ್ದು, ಹದಿನಾಲ್ಕನೇ ತಾರೀಖಿನ ಈಚೆಗೆ
ಒಂದೇ ದಿನ ಮೂರು ಸಲವಾದರೂ
ನೀರಾಗಿ ಹೋದವರು.
ಎಲ್ಲ ಕಡೆ ಮೊಳೆ ಹೊಡೆದ ವಾಕ್ಯ.
ಶಿವಲಿಂಗವ್ವನ ಹೊಸ್ತಿಲಲ್ಲಿ ಎಡವಿತು.

"ಎರಡ ಸಲ ಆತವ್ವ. ಮೂರನೇದಕ್ಕ
ಏಳಾಕ ತ್ರಾಣ ಇರಲಿಲ್ಲ.
ಹಾಸಗ್ಯಾಗಿಂದು ಲೆಕ್ಕಕ್ಕ ಬರತೈತೇನು?"

ಬರೆದುಕೊಂಡೆ. ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ,
ಸರ್‌ ಹತ್ತಿರ ಕೇಳಲು.
(ಅವರು ಚುಕ್ಕೆಯನ್ನಷ್ಟೇ ಅಳಿಸಿದರು.)

ಮಧ್ಯಾಹ್ನ, ಶಾಲೆಯ ವರಾಂಡ.
ಚೌಕಳಿ ಹಾಳೆಯಲ್ಲಿ ತಲೆಗೊಂದು ಚೌಕ.
ಹದಿನೈದಕ್ಕೆ ಎರಡು. ಹದಿನಾರಕ್ಕೆ ಹತ್ತೊಂಬತ್ತು.
ಹದಿನೇಳು ಹಾಳೆ ದಾಟಿ ಮೇಲೇರಿತು,
ಗೋಂದು ಹಚ್ಚಿ ಇನ್ನೊಂದು ಹಾಳೆ ಅಂಟಿಸಿದೆವು.
ಒಂದು ಚೌಕ ತುಂಬಲು ಮಾತ್ರ
ಮಹಾನಂದಾ ನನ್ನ ಕೈಗೆ ಪೆನ್ನು ಕೊಡಲಿಲ್ಲ.
ತಂಗಿಯ ಮಗ. ಹನ್ನೊಂದು ತಿಂಗಳು.
ಗೆರೆಯಾಚೆ ಚಾಚದಂತೆ ನಿಧಾನವಾಗಿ ತುಂಬಿ
ಬಿಸ್ಕೀಟಿನ ಪುಡಿಕೆ ಒಡೆದು
ಎಲ್ಲರಿಗೂ ಎರಡೆರಡು ಹಂಚಿದಳು.

ರೋಗಿಗಳಾದ ಮೇಲೆ ರೋಗವಿಲ್ಲದವರನ್ನು ಹುಡುಕಬೇಕು,
ಅದೇ ಈ ವಿದ್ಯೆಯ ವಿಚಿತ್ರ.
ಚಲೋ ಇದ್ದೀರಾ? ಯಾಕೆ ಚಲೋ ಇದ್ದೀರಿ?
ಹಳ್ಳದ ಆಚೆಯ ಕೇರಿಯಲ್ಲಿ
ಮನೆ ಮನೆಯೂ ಚಲೋ ಇತ್ತು.

"ನಳ ನಮ್ಮ ತನಕಾ ಬಂದಿಲ್ಲರೀ," ಅಂದಳು ಬನಸೋಡೆ ಭಾಗಾಬಾಯಿ.
"ಹಳ್ಳದ ದಂಡಿಗೆ ಪೈಪು ತೀರಿತಂತ.
ಮೂರು ವರ್ಷ ಆತು ತೀರಿ.
ನಾವು ಬೋರಿಂಗಿನ ನೀರೇ ಕುಡಿಯೋದು."
ಆಮೇಲೆ ನಕ್ಕಳು, ಹಲ್ಲು ಪೂರಾ ಕಾಣುವಂತೆ:
"ಜಡ್ಡು ಸೈತ ನಮ್ಮನ್ನ ಮುಟ್ಟಂಗಿಲ್ಲ ನೋಡ್ರಿ."

ಸಂಜೆ ಪಟ್ಟಿ ಹಾಕಿದೆ.
ಅಡ್ಡ ಒಂದು, ಉದ್ದ ಒಂದು ಗೆರೆ,
ಚೌಕಾಬಾರದ ಹಾಗೆ ನಾಲ್ಕು ಮನೆ.
ನಳದ ನೀರು ಕುಡಿದು ಮಲಗಿದವರು ಐವತ್ತೆಂಟು.
ಕುಡಿಯದೆ ಮಲಗಿದವರು ಇಬ್ಬರು.
ಕುಡಿದೂ ದಕ್ಕಿಸಿಕೊಂಡವರು ಇಪ್ಪತ್ತೊಂದು.
ಕುಡಿಯದೆ, ಮಲಗದೆ, ನಲವತ್ತೊಂದು.
ಮೂಲೆಯಿಂದ ಮೂಲೆಗೆ ಗುಣಿಸಿ ಭಾಗಿಸಿದೆ:
ಐವತ್ತಾರು ಚಿಲ್ಲರೆ!
ತರಬೇತಿಗೆ ಸೇರಿದ ಮೇಲೆ
ಇಷ್ಟು ಚೆಂದದ ಸಂಖ್ಯೆ ಕೈಗೆ ಸಿಕ್ಕಿರಲಿಲ್ಲ.
ಕುಣಿಯುವುದೊಂದು ಬಾಕಿ.

ಸರ್ ಹಾಳೆ ತಿರುಗಿಸಿಕೊಂಡರು.
ನಾಲ್ಕನೆಯ ಮನೆಯ ಮೇಲೆ ಬೆರಳಿಟ್ಟು
ಬಹಳ ಹೊತ್ತು ತೆಗೆಯಲಿಲ್ಲ.
ಶೇಂಗಾ ಸಿಪ್ಪೆ ಗಾಳಿಗೆ ಟೇಬಲಿನಿಂದ ಕೆಳಗೆ ಬಿತ್ತು.
"ಇವರು ಹೇಗೆ ಉಳಿದರು ಅಂತ ಬರೀತಿ?"
ಬೇರೆ ನೀರಿನ ಮೂಲ, ಎಂದೆ.
"ಸರಿ," ಎಂದರು. "ಸರಿಯಾಗೇ ಇದೆ."
ಕನ್ನಡಕ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

ಗಟಾರದೊಳಗೆ ಪೈಪಿನ ಕೀಲು ಬಿಟ್ಟಿತ್ತು,
ಅದು ಮರುದಿನ ಸಿಕ್ಕಿತು. ನಳ ಬಂದ್.
ಶಿಫಾರಸು ಒಂದು, ಸರಪಂಚರ ಸಹಿಯೊಂದಿಗೆ:
ರಿಪೇರಿ ಆಗುವ ತನಕ ಊರೆಲ್ಲ
ಹಳ್ಳದಾಚೆಯ ಬೋರಿಂಗಿನ ನೀರು ಕುಡಿಯತಕ್ಕದ್ದು.

ಹಾಗಾಗಿ ಬಂದರು. ನೀಲಿ ಕೊಡ, ಹಸಿರು ಕೊಡ,
ತಲೆ ಮೇಲೆ ಸೆರಗು, ಹಳ್ಳ ದಾಟಿ,
ಈ ದಾರಿಯನ್ನು ಮೊದಲ ಸಲ ನೋಡುತ್ತ.
ಭಾಗಾಬಾಯಿ ಬಗಲಿಗೆ ಸರಿದು ನಿಂತಳು.

ಮೊದಲು ಬಂದಾಕೆ ಹಿಡಿಕೆಯ ಮೇಲೆ ನೀರು ಸುರಿದು
ಉಜ್ಜಿ ಉಜ್ಜಿ ತೊಳೆದಳು,
ಆಮೇಲೆ ಹಿಡಿದಳು.

ಒಳ್ಳೆಯ ಅಭ್ಯಾಸ. ನಿನ್ನೆ ನಾವೇ
ಚಿತ್ರ ತೋರಿಸಿ ಹೇಳಿಕೊಟ್ಟದ್ದು.
ಯಾಕೆ ತೊಳೆದಳು ಎಂದು
ನನ್ನ ಫಾರಂ ಕೇಳುವುದಿಲ್ಲ.