ಜಿಪ್ಪು

ಸಾಲಗಾಮೆ ರಸ್ತೆಯ ಕಾಲೇಜಿನಲ್ಲಿ
ಮೂರು ಗಂಟೆಗೆ ಕರೆಂಟು ಹೋಗುತ್ತದೆ,
ಅಷ್ಟರೊಳಗೆ ನೋಡಿ ಮುಗಿಸಬೇಕು.
ಕಾಂಪೋಸ್ಟು ಗುಂಡಿಯ ಹುಳು, ಉದ್ದ ಒಂದು ಮಿಲಿಮೀಟರು.
ನೀಲಿ ಬಣ್ಣ ಕುಡಿಸಿ ಕಿಟಕಿ ಮುಚ್ಚಿದೆವು.
ಅದರ ಮೈಯೊಳಗಿನ ಕೊಳವೆ ಬಾಗುವ ಮುಂಚೆ
ಹನ್ನೆರಡು ಎಳೆ, ತಂತಮ್ಮ ಜೋಡಿಯ ಹುಡುಕಾಟದಲ್ಲಿ.

'ಹೇಗೆ ಗೊತ್ತಾಗುತ್ತೆ ಮಿಸ್, ಇದೇ ನಂದು ಅಂತ?'
ಆಲೂರಿನ ಜಯಶೀಲೆ.
ತುದಿಯಲ್ಲಿ ಗುರುತಿದೆ, ಅಂದೆ. ಒಂದೇ ತುದಿಯಲ್ಲಿ.
ಅದನ್ನು ಗೋಡೆಗೆ ಆನಿಸಿಕೊಂಡು ಜಗ್ಗಾಡುತ್ತದೆ,
ತನ್ನದಲ್ಲದ್ದು ಸಿಕ್ಕರೆ ಬಿಡುತ್ತದೆ,
ತನ್ನದಾದರೆ ಅಲ್ಲಿಂದಲೇ ಜಿಪ್ಪು ಎಳೆದ ಹಾಗೆ

ಜಿಪ್ಪು ಅಂದದ್ದೇ
ಸಂತೆಪೇಟೆ, ಏಕನಾಥ ಟೈಲರ್ಸ್,
ಅಪ್ಪನ ತುಟಿಯಲ್ಲಿ ಗುಂಡುಪಿನ್ನು.
ಬುಡ ಕೂಡಿಸದೆ ಎಳೀಬೇಡ,
ಅಲ್ಲಿ ಒಂದು ಹಲ್ಲು ತಪ್ಪಿದರೆ ಮೇಲಿನ ತನಕ ತಪ್ಪೇ.

ಇನ್ನೊಂದು ಗಾಜು.
ಡೈರಿ ಸರ್ಕಲ್ಲಿನ ದೀಪದಡಿ ಸತ್ತು ಬಿದ್ದ ದುಂಬಿ,
ಅದರ ಹೆಣದಲ್ಲಿ ಹುಟ್ಟಿದ ಹುಳು.
ಕಣ್ಣಿಗೆ ಮೊದಲಿನದೇ. ಎಣಿಸಿದರೂ ಆರೇ ಜೊತೆ.
ಆದರೆ ಇದು ಮೊದಲು
ತನಗೆ ತಾನೇ ಕತ್ತರಿ ಹಾಕಿಕೊಳ್ಳುತ್ತದೆ.
ಹರಿದ ತುದಿ ಕತ್ತಲಲ್ಲಿ ತಡಕಿ,
ಅಕ್ಷರ ಅಕ್ಷರ ಓದಿ ತನ್ನಂಥದ್ದನ್ನು ಹಿಡಿಯುತ್ತದೆ.
ಮೊದಲಿನದೂ ಕತ್ತರಿಸಿಕೊಳ್ಳುತ್ತದೆ, ಇಲ್ಲವೆನ್ನುವುದಿಲ್ಲ,
ಜೋಡಿ ಸಿಗಲು ಅದಕ್ಕೆ ಗಾಯ ಬೇಕಿಲ್ಲ, ಅಷ್ಟೆ.
ಇದಕ್ಕೆ ಬೇಕು.

ಅಪ್ಪನದು ಎರಡನೆಯ ಮದುವೆ. ಅವ್ವನದೂ.
ಇದನ್ನು ಕ್ಲಾಸಿನಲ್ಲಿ ಹೇಳಲಿಲ್ಲ.

ಅಟೆಂಡರ್ ತಿಮ್ಮಪ್ಪಣ್ಣ ತನ್ನ ಆಲೂಗಡ್ಡೆ ಗಿಡವೊಂದನ್ನು ಕಿತ್ತು ತಂದಿದ್ದ,
ಬೇರಿನ ತುಂಬ ಗಂಟು.
'ಇದರೊಳಗಿನದ್ದು ಹೆಂಗೆ ಮೇಡಂ?'
ಇದು ಜೋಡಿಯ ಸಹವಾಸವನ್ನೇ ಬಿಟ್ಟಿದೆ, ತಿಮ್ಮಪ್ಪಣ್ಣ.
ತಾಯಿ ತನ್ನನ್ನೇ ನಕಲು ತೆಗೆದು ಮಗಳು ಅನ್ನುತ್ತಾಳೆ.
'ಹಂಗಾದ್ರೆ ಇದೇ ಗೆದ್ದಿತು ಬಿಡಿ,' ಅಂದ,
'ಎರಡು ಸಾಲು ತಿಂದು ಕೂತೈತೆ.'
ಉತ್ತರ ನನ್ನಲ್ಲಿರಲಿಲ್ಲ.
ಮೂರಾಯಿತು. ಕರೆಂಟೂ ಹೋಯಿತು.

ಕಿಟಕಿ ತೆಗೆದ ಬೆಳಕಲ್ಲಿ ಜಯಶೀಲೆಯ ರೆಕಾರ್ಡು ಪುಸ್ತಕ.
'ಗಂಡುಹುಳುವಿನ ಎಕ್ಸ್‌ಗೆ ಜೊತೆಯೇ ಇಲ್ಲವಲ್ಲ ಮಿಸ್,
ಖಾಲಿ ಬಿಡಲಾ?'
ಬೇಡ. ಐದು ಜೊತೆ ಬಿಡಿಸು,
ಪಕ್ಕದಲ್ಲಿ ಒಂದು ಚುಕ್ಕಿ, ಪೆನ್ಸಿಲು ಒತ್ತಿ.
ಮುದುಡಿ ಸುಮ್ಮನಿರುತ್ತದೆ, ನಿಜ.
ಹಂಚುವ ಹೊತ್ತಿಗೆ ಅದೂ ಒಂದು ಕಡೆ ಹೋಗಿ ಸೇರುತ್ತದೆ.

ನನ್ನ ಚೀಲದ ಜಿಪ್ಪು ಕೆಟ್ಟು ಎರಡು ವರ್ಷ.
ಅಂಗಡಿ ಮುಚ್ಚಿಯೂ ಅಷ್ಟೇ.
ಬಸ್ ಸ್ಟ್ಯಾಂಡಿನ ಪಕ್ಕ ಹಾಕಿಕೊಡುವವರಿದ್ದಾರೆ,
ಐವತ್ತು ರೂಪಾಯಿ.
ಸೇಫ್ಟಿ ಪಿನ್ನು ಚುಚ್ಚಿಕೊಂಡು ಓಡಾಡುತ್ತೇನೆ.